ಅಡ್ಮಿಷನ್ ಕೌಂಟರಿನಲ್ಲೇ ಬೆಳೆಯುವ ಬಿಲ್ಲು

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಸುತ್ತಲಿನ ಉಕ್ಕು, ಕಬ್ಬಿಣದ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಕೊಪ್ಪಳವೋ, ಹೊಸಪೇಟೆಯೋ, ಹುಬ್ಬಳ್ಳಿಯೋ ಎಂದು ಮನೆಮಂದಿಯೆಲ್ಲ ಕೂತು ಮಾತಾಡುತ್ತಾರೆ. ಯಾವ ಕಾರ್ಡು ಹಿಡಿದು ಹೋಗಬೇಕು ಎಂಬ ಮಾತು ಬರುವುದು ಆಸ್ಪತ್ರೆ ಮುಟ್ಟಿದ ಮೇಲೆ. ಅಷ್ಟರಲ್ಲಿ ಕೌಂಟರಿನಲ್ಲಿ ಕೇಳಿಯಾಗಿರುತ್ತದೆ: "ರೂಮ್ ಯಾವ್ದು ಬೇಕ್ರಿ?"

"ಇನ್ಶೂರೆನ್ಸ್ ಐತಲ್ರಿ, ಛಲೋದ ಕೊಡ್ರಿ."

ಈ ಉತ್ತರ ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಮೂರು ಲಕ್ಷದ ಪಾಲಿಸಿ, ಅದರಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿ ಮಿತಿ ಇದೆ ಎಂದುಕೊಳ್ಳಿ. ನೀವು 6,000ದ ರೂಮ್ ಹಿಡಿದು ನಾಲ್ಕು ದಿನ ಇದ್ದಿರಿ. ರೂಮಿಗೆ 24,000, ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 60,000, ಔಷಧಿ ಮತ್ತು ಪರೀಕ್ಷೆಗಳಿಗೆ 40,000. ಒಟ್ಟು 1,24,000. ರೂಮಿನ ಹೆಚ್ಚುವರಿ 12,000 ಕೈಯಿಂದ ಕೊಟ್ಟರಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಮಿತಿಯ ಎರಡರಷ್ಟು ಬಾಡಿಗೆಯ ರೂಮ್ ಹಿಡಿದ ಕಾರಣ ಸರ್ಜನ್, ಥಿಯೇಟರ್ ಖರ್ಚಿನಲ್ಲೂ ಕಂಪನಿ ಅರ್ಧವನ್ನೇ ಕೊಡಬಹುದು. ಅಲ್ಲಿ 30,000 ಹೋಯಿತು. ಜೇಬಿನಿಂದ ಒಟ್ಟು 42,000! ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಬಿಡದೆ ಕೇಳಿ. ಇನ್ನೊಂದು ಮಾತು: ಅನೇಕ ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದಂತೆ ಅದೇ ಡಾಕ್ಟರ ಫೀಸೂ ಏರುತ್ತದೆ. ಕೈಗವಸು, ನೋಂದಣಿ ಶುಲ್ಕದಂಥವನ್ನು ಬಹುತೇಕ ಪಾಲಿಸಿಗಳು ಕೊಡುವುದೇ ಇಲ್ಲ. ಆದ್ದರಿಂದ ರೂಮ್ ಆರಿಸುವ ಮೊದಲು ಪಾಲಿಸಿಯ ರೂಮ್ ಮಿತಿ ಓದಿ, ಆಸ್ಪತ್ರೆಯಲ್ಲಿ ವಿಮೆಯ ವ್ಯವಹಾರ ನೋಡುವ ಟಿಪಿಎ ಡೆಸ್ಕಿನಲ್ಲಿ ಅಂದಾಜು ಬಿಲ್ಲನ್ನು ಬರಹದಲ್ಲಿ ಕೇಳಿ.

ಕಾರ್ಖಾನೆಯವರಿಗೆ ಖಾಸಗಿ ಪಾಲಿಸಿಗಿಂತ ಮೊದಲು ನೋಡಬೇಕಾದದ್ದು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ. ತಿಂಗಳ ಸಂಬಳ 21,000ದೊಳಗಿದ್ದರೆ ನಿಮ್ಮಿಂದ ಶೇ. 0.75, ಮಾಲೀಕರಿಂದ ಶೇ. 3.25 ಕಟ್ಟಬೇಕು. ಗುತ್ತಿಗೆ ಕಾರ್ಮಿಕರಿಗೂ ಇದು ಅನ್ವಯಿಸುತ್ತದೆ. ಸಂಬಳದ ಚೀಟಿಯಲ್ಲಿ ಕಡಿತ ಕಾಣುತ್ತಿದ್ದರೂ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಯ ಹೆಸರು ಸೇರಿಸದ ಮನೆಗಳುಂಟು. ನನಗೆ ಬಹಳ ಸಂಕಟವಾಗುವುದು ಇದಕ್ಕೇ, ದುಡ್ಡು ಕಟ್ಟಿಯೂ ಹಕ್ಕು ಕೈಗೆ ಸಿಗದಿರುವುದಕ್ಕೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು; ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಪಡೆದೇ ಖಾಸಗಿಗೆ ಹೋಗಬೇಕು. ಪತ್ರವಿಲ್ಲದೆ ನೇರವಾಗಿ ಹುಬ್ಬಳ್ಳಿಯ ಬಸ್ಸು ಹತ್ತಿದವರು ಇಲ್ಲೇ ಎಡವುತ್ತಾರೆ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾದ ಯಶಸ್ವಿನಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2023ರ ಜನವರಿಯಿಂದ ಮತ್ತೆ ಬಂದಿದೆ. ಹೆಸರು ನೋಂದಾಯಿಸುವ ಅವಧಿ ಮುಗಿದ ಮೇಲೆ ಸೇರಲಾಗದು.

ಖಾಸಗಿ ಪಾಲಿಸಿಯ ಪ್ರೀಮಿಯಂ ಏರುವುದಕ್ಕೆ ಮುಖ್ಯ ಕಾರಣ ಎರಡು: ನಿಮ್ಮ ವಯಸ್ಸು ಮತ್ತು ಚಿಕಿತ್ಸೆಯ ಬೆಲೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ ಹೋಯಿತು, ಆದರೂ ಮೂಲ ಪ್ರೀಮಿಯಂ ಏರಿದರೆ ಆ ಉಳಿತಾಯ ಕರಗುತ್ತದೆ. 60 ದಾಟಿದವರಿಗೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಸಿಟ್ಟಿನಲ್ಲಿ ಪಾಲಿಸಿ ಬಿಡಬೇಡಿ: ಹಳೆ ಕಾಯಿಲೆಗಳಿಗೆ ಕಾದ ವರ್ಷಗಳು ವ್ಯರ್ಥವಾಗುತ್ತವೆ. ಪಾಲಿಸಿಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದರೆ ಅವು ಉಳಿಯುತ್ತವೆ. ನವೀಕರಣಕ್ಕೆ 45 ದಿನ ಮೊದಲೇ ಅರ್ಜಿ ಹಾಕಿ.

ಡಿಸ್ಚಾರ್ಜ್ ದಿನ ಕಾಯಿಸಿದರೆ ನೆನಪಿರಲಿ, ಆಸ್ಪತ್ರೆಯ ಕೋರಿಕೆ ತಲುಪಿದ 3 ಗಂಟೆಯೊಳಗೆ ಕಂಪನಿ ಕ್ಯಾಶ್‌ಲೆಸ್ ಅನುಮೋದನೆ ಮುಗಿಸಬೇಕು. ತಡವಾಗಿ ಬಿದ್ದ ಹೆಚ್ಚುವರಿ ಖರ್ಚು ಕಂಪನಿಯದೇ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಕಂಪನಿಗೆ ದೂರು ಕೊಡಿ, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಡ. ದೂರು ಆಸ್ಪತ್ರೆಯ ಮೇಲಾದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಆಯಾ ಜಿಲ್ಲೆಯ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ. 2017ರ ತಿದ್ದುಪಡಿಯ ಪ್ರಕಾರ ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯುವಂತಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಾದರೆ ದೂರು ಹೋಗಬೇಕಾದದ್ದು ಧಾರವಾಡ ಜಿಲ್ಲಾಧಿಕಾರಿಗೆ.