ಇಂಗ್ಲಿಷ್ ಅರ್ಜಿಯಲ್ಲಿ ಪದಗಳ ಕ್ರಮ

1963ರ ರಾಜಭಾಷಾ ಅಧಿನಿಯಮದ ಮೇರೆಗೆ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿರುತ್ತದೆ. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ನಾಗರಿಕರು ನಾಡಕಚೇರಿಗೆ ಕನ್ನಡದಲ್ಲಿಯೇ ಅರ್ಜಿ ಸಲ್ಲಿಸಬಹುದು. ಇದಕ್ಕಾಗಿ ಇಂಗ್ಲಿಷ್ ಕಲಿಯುವ ಅಗತ್ಯವಿಲ್ಲ. ಆದರೆ ಪಾಸ್‌ಪೋರ್ಟ್ ಮುಂತಾದ ಸೇವೆಗಳಿಗೆ, ಹೊರರಾಜ್ಯದ ಕಚೇರಿಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾಗುವುದುಂಟು.

ಕನ್ನಡದಲ್ಲಿ ಸಾಮಾನ್ಯವಾಗಿ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಬರುತ್ತವೆ: ‘ನಾನು ಅರ್ಜಿಯನ್ನು ಸಲ್ಲಿಸಿದೆನು’. ಇಂಗ್ಲಿಷಿನಲ್ಲಿ ಕ್ರಿಯಾಪದವು ಕರ್ತೃವಿನ ನಂತರವೇ ಬರುತ್ತದೆ: ‘ಐ ಸಬ್ಮಿಟೆಡ್ ದಿ ಅಪ್ಲಿಕೇಷನ್’. ಕನ್ನಡದಲ್ಲಿ ‘ಸಲ್ಲಿಸಿದೆನು’ ಎಂದಷ್ಟೇ ಬರೆದರೂ ಸಲ್ಲಿಸಿದವರು ಯಾರೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಐ’ ಬಿಡುವಂತಿಲ್ಲ.

ಹೆಚ್ಚಿನ ಎಚ್ಚರ ಬೇಕಾದುದು ಹೆಸರುಗಳ ಸ್ಥಾನದಲ್ಲಿ. ‘ತಂದೆಯು ಮಗನಿಗೆ ಜಮೀನನ್ನು ಕೊಟ್ಟರು’ ಎಂಬುದನ್ನು ‘ಮಗನಿಗೆ ತಂದೆಯು ಜಮೀನನ್ನು ಕೊಟ್ಟರು’ ಎಂದರೂ ಅರ್ಥ ಕೆಡದು. ವಿಭಕ್ತಿ ಪ್ರತ್ಯಯಗಳು ಅದನ್ನು ಕಾಯುತ್ತವೆ. ಇಂಗ್ಲಿಷಿನ ನಾಮಪದಗಳಿಗೆ ಇಂತಹ ಪ್ರತ್ಯಯಗಳ ಆಸರೆಯಿಲ್ಲ. ‘ದಿ ಫಾದರ್ ಗೇವ್ ದಿ ಸನ್ ದಿ ಲ್ಯಾಂಡ್’ ಎಂಬಲ್ಲಿ ಫಾದರ್ ಮತ್ತು ಸನ್ ಪದಗಳು ಅದಲುಬದಲಾದರೆ ಜಮೀನು ಕೊಟ್ಟವನು ಮಗನೆಂದಾಗುತ್ತದೆ. ಬೇರೆಯವರಿಂದ ಅರ್ಜಿ ಬರೆಸಿಕೊಳ್ಳುವವರು ಸಹಿ ಮಾಡುವ ಮುನ್ನ ಕ್ರಿಯಾಪದದ ಹಿಂದೆ ಯಾರ ಹೆಸರಿದೆ, ಮುಂದೆ ಯಾರ ಹೆಸರಿದೆ ಎಂದು ಓದಿಸಿ ಕೇಳತಕ್ಕದ್ದು.

ಸ್ಥಳ ಸೂಚಿಸುವ ಪದವೂ ಸ್ಥಾನ ಬದಲಿಸುತ್ತದೆ: ‘ಧರ್ಮಪುರದಲ್ಲಿ’ ಎಂಬುದು ‘ಇನ್ ಧರ್ಮಪುರ’ ಎಂದಾಗುತ್ತದೆ. ವಿಳಾಸವನ್ನು ಮಾತ್ರ ಮನೆಯಿಂದ ಆರಂಭಿಸಿ ಗ್ರಾಮ, ಧರ್ಮಪುರ ಹೋಬಳಿ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಎಂಬ ಕ್ರಮದಲ್ಲಿ ಬರೆದು, ಕೊನೆಯಲ್ಲಿ ಪಿನ್‌ಕೋಡ್ ನಮೂದಿಸುವುದು.