ಟೀ, ರಾಕ್ ಕೇಕ್ ಮತ್ತು ಉಪದೇಶ

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ನಮ್ಮ ಕಡೆ ಆಡಿಕೊಳ್ಳುತ್ತೇವಲ್ಲ, ಆ ಮಾತಿಗೆ ಚರ್ಚಿನ ಪಾದ್ರಿಗಳೂ ಹೊರತಲ್ಲ. ಆದರೆ ನುಡಿದಂತೆ ನಡೆದ ಇಬ್ಬರು ಪಾದ್ರಿಗಳ ಗುರುತು ನಾವಿರುವ ಊರುಗಳಲ್ಲೇ ಇದೆ.

ಸಿಡ್ನಿಯಲ್ಲಿ ಲಿವರ್‌ಪೂಲ್ ಕಡೆ ಓಡಾಡುವವರು ಹ್ಯಾಮಂಡ್‌ವಿಲ್ ಎಂಬ ಬೋರ್ಡ್ ನೋಡಿರುತ್ತೀರಿ. ಅದು ಆರ್. ಬಿ. ಎಸ್. ಹ್ಯಾಮಂಡ್ ಅವರ ಹೆಸರು. ಹುಟ್ಟಿದ್ದು 1870ರಲ್ಲಿ, ಮೆಲ್ಬೋರ್ನಿನಲ್ಲಿ. ಸಿಡ್ನಿಯ ಬ್ರಾಡ್‌ವೇಯಲ್ಲಿರುವ ಸೇಂಟ್ ಬಾರ್ನಬಸ್ ಚರ್ಚಿಗೆ 1918ರಲ್ಲಿ ಪಾದ್ರಿಯಾದರು.

ಕುಡಿತ ಬಿಡಿ ಎಂದು ಭಾಷಣ ಬಿಗಿಯುವವರು ಆಗಲೂ ಬೇಕಾದಷ್ಟಿದ್ದರು. ಹ್ಯಾಮಂಡ್ ಅಂಥವರನ್ನು ಕರೆದು ಕೂರಿಸಿ, ಉಪದೇಶದ ಜೊತೆ ಟೀ, ರಾಕ್ ಕೇಕ್ ಕೊಡಿಸುತ್ತಿದ್ದರು. ನೆಲೆಯಿಲ್ಲದ ಗಂಡಸರಿಗೆ ತಂಗುಮನೆಗಳನ್ನು ತೆರೆದರು. 1930ರ ಆಗಸ್ಟಿನಲ್ಲಿ ಆ ಟೀಗಾಗಿಯೇ ಬಂದು ಕೂತವನು ಆರ್ಥರ್ ಸ್ಟೇಸ್. ತಂದೆತಾಯಿ ಇಬ್ಬರೂ ಕುಡುಕರು, ಮಗನದೂ ಅದೇ ದಾರಿ. ಅಲ್ಲಿಂದಾಚೆ ಆತ ಕುಡಿತ ಬಿಟ್ಟ. 1932ರಲ್ಲಿ ಇನ್ನೊಬ್ಬ ಬೋಧಕರ ಮಾತು ಕೇಳಿ ಸಿಡ್ನಿಯ ಫುಟ್‌ಪಾತುಗಳ ಮೇಲೆ ಸೀಮೆಸುಣ್ಣದಲ್ಲಿ ‘ಎಟರ್ನಿಟಿ’, ಅಂದರೆ ಅನಂತಕಾಲ, ಎಂದು ಬರೆಯತೊಡಗಿದ. ಸುಮಾರು 35 ವರ್ಷ ಬರೆದ! 2000ದ ಹೊಸ ವರ್ಷಕ್ಕೆ ಹಾರ್ಬರ್ ಬ್ರಿಡ್ಜ್ ಮೇಲೆ ಬೆಳಗಿದ್ದು ಅದೇ ಪದ.

ನನಗೇನೋ ಇದಕ್ಕಿಂತ ಹ್ಯಾಮಂಡ್‌ವಿಲ್ಲೇ ದೊಡ್ಡದಾಗಿ ಕಾಣುತ್ತದೆ. ಆರ್ಥಿಕ ಕುಸಿತದ ಕಾಲ. ಬಾಡಿಗೆ ಕಟ್ಟಲಾಗದ ಸಂಸಾರಗಳು ಬೀದಿಗೆ ಬೀಳುತ್ತಿದ್ದವು. 1932ರಲ್ಲಿ ಹ್ಯಾಮಂಡ್ ಜಮೀನು ಕೊಂಡು, ಕೆಲಸವಿಲ್ಲದ, ಕನಿಷ್ಠ ಮೂರು ಮಕ್ಕಳಿರುವ ಕುಟುಂಬಗಳಿಗೆ ಪುಟ್ಟ ಮನೆಗಳನ್ನು ಕಟ್ಟಿಸಿದರು. 1937ರ ಹೊತ್ತಿಗೆ 110 ಮನೆಗಳು. ಪುಕ್ಕಟೆಯಲ್ಲ, ಸಣ್ಣ ಕಂತು ಕಟ್ಟಿ ತಮ್ಮದಾಗಿಸಿಕೊಳ್ಳಬೇಕು. ಪಡೆದವರು ತಲೆ ತಗ್ಗಿಸಬೇಕಾಗಿ ಬರಲಿಲ್ಲ. ಇದೇ ನನಗೆ ಮೆಚ್ಚುಗೆಯಾದದ್ದು. ಮನೆಸಾಲ ತೀರಿಸುತ್ತಿರುವ ನಮಗೆ ಸ್ವಂತ ಸೂರಿನ ಬೆಲೆ ಬಿಡಿಸಿ ಹೇಳಬೇಕೆ?

ಮೆಲ್ಬೋರ್ನಿನ ಓದುಗರಿಗೆ ಜೆರಾರ್ಡ್ ಟಕರ್ ಹೆಸರು ಪರಿಚಯವಿರಬಹುದು. 1930ರಲ್ಲಿ ನ್ಯೂಕಾಸಲಿನಲ್ಲಿ ಬ್ರದರ್‌ಹುಡ್ ಆಫ್ ಸೇಂಟ್ ಲಾರೆನ್ಸ್ ಕಟ್ಟಿದ ಈ ಪಾದ್ರಿ 1933ರಲ್ಲಿ ಫಿಟ್ಜ್‌ರಾಯ್‌ಗೆ ಬಂದರು. ಆಗ ಅದು ಕೊಳೆಗೇರಿ. ಈಗಿನಂತೆ ಕಾಫಿಗೆ ಹೋಗುವ ಜಾಗವಲ್ಲ. ಬಡವರಿಗೆ ಅನ್ನ, ಬಟ್ಟೆ ಕೊಟ್ಟರೆ ಸಾಲದು, ಮನೆಗಳ ದುಃಸ್ಥಿತಿ ಊರಿಗೇ ಗೊತ್ತಾಗಬೇಕೆಂದು ಅವರ ಸಂಸ್ಥೆ 1947ರಲ್ಲಿ ‘ಬ್ಯೂಟಿಫುಲ್ ಮೆಲ್ಬೋರ್ನ್’ ಎಂಬ ಸಾಕ್ಷ್ಯಚಿತ್ರಕ್ಕೂ ಕೈಜೋಡಿಸಿತು. ಹೆಸರಿನಲ್ಲೇ ಚಾಟಿ ಇದೆ ನೋಡಿ!

1953ರಲ್ಲಿ ಟಕರ್ ಶುರುಮಾಡಿದ್ದು ‘ಫುಡ್ ಫಾರ್ ಪೀಸ್’ ಎಂಬ ಚಳವಳಿ. ಆ ಗುಂಪಿನವರು ವಾರವಾರ ಕೂಡಿಸಿದ ಹಣ ಮೊದಲು ಹೋದದ್ದು ನಮ್ಮ ಭಾರತದ ಒಂದು ಚಿಕ್ಕ ಆರೋಗ್ಯ ಯೋಜನೆಗೆ. ಮುಂದೆ ಅದೇ ಬೆಳೆದು ಆಕ್ಸ್‌ಫ್ಯಾಮ್ ಆಸ್ಟ್ರೇಲಿಯಾ ಆಯಿತು.