ಒಟಿಪಿ ಯಾರ ಫೋನಿಗೆ ಬರುತ್ತೆ?

ಕರ್ನಾಟಕ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಬರೋದು ಮನೆ ಯಜಮಾನಿಯ ಖಾತೆಗೆ. ಆದ್ರೆ ಖಾತೆಗೆ ಜೋಡಿಸಿದ ನಂಬರ್ ಗಂಡನದ್ದಾದ್ರೆ? ಮೆಸೇಜ್, ಒಟಿಪಿ ಎರಡೂ ಅವನ ಜೇಬಿಗೆ! ದುಡ್ಡು ಬಂತಾ ಅಂತ ತಿಳಿಯೋಕೂ ಅವನನ್ನೇ ಕೇಳಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದ್ರೂ ಇಂಟರ್ನೆಟ್ ಬಳಸಿದ ಗಂಡಸರು ಶೇ. 57. ಹೆಂಗಸರು? ಬರೀ ಶೇ. 33. ತಾವೇ ಬಳಸೋ ಮೊಬೈಲ್ ಇದ್ದದ್ದು ಶೇ. 54ರಷ್ಟು ಹೆಂಗಸರಿಗೆ ಮಾತ್ರ.

ಸ್ಕಾಲರ್‌ಶಿಪ್, ಪಿಂಚಣಿ, ಕೆಲಸದ ಅರ್ಜಿ, ಎಲ್ಲಕ್ಕೂ ಈಗ ಫೋನ್ ಬೇಕು. ಮಗನಿಗೆ ಫೋನ್ ಕೊಡಿಸಿ, ಮಗಳಿಗೆ ‘ಹಾಳಾಗ್ತೀಯ’ ಅಂದ್ರೆ, ಅವಳ ಅವಕಾಶ ಕಿತ್ತುಕೊಂಡ ಹಾಗೇ.

ಈ ವಾರ ಇಷ್ಟು ಮಾಡಿ. ಅಮ್ಮನ ಹೆಸರಲ್ಲೇ ಸಿಮ್ ತೆಗೆಸಿ. ಬ್ಯಾಂಕಿಗೆ ಕರ್ಕೊಂಡು ಹೋಗಿ, ಆ ನಂಬರ್ ಖಾತೆಗೆ ಜೋಡಿಸಿ. ಪಿನ್ ಅವರೇ ಹಾಕಿಕೊಳ್ಳಲಿ, ಅವರಿಗಷ್ಟೇ ಗೊತ್ತಿರಲಿ. ದುಡ್ಡು ಅವರದ್ದು, ಹಕ್ಕೂ ಅವರದ್ದೇ.